ಸಬ್‌ಸ್ಕ್ರಿಪ್ಷನ್‌ಗೆ ಪದ ಬೇಕು, ಬಟನ್ ಮೇಲೆ ಹಾಕೋಕೆ, ಶುಕ್ರವಾರದೊಳಗೆ

ಈ ಕನ್ನಡ ಪದಗಳ ಮೇಲ್ ಗುಂಪಿನ ಎಲ್ರಿಗೂ ನಮಸ್ಕಾರ. ನಾವು ಮೂರೇ ಜನ ಇರೋ ಪುಟ್ಟ ಕಂಪನಿ, ಕಿರಾಣಿ ಅಂಗಡಿಯವ್ರು ಉದ್ರಿ ಬರ್ಕೊಳ್ಳೋಕೆ, ಬಿಲ್ ಕೊಡೋಕೆ ಒಂದು ಆಪ್ ಮಾಡಿದೀವಿ. ಇಷ್ಟು ದಿನ ಒಂದೇ ಸಲ ದುಡ್ಡು ಇಸ್ಕೊಂಡು ಕೊಟ್ಬಿಡ್ತಿದ್ವಿ, ಆದ್ರೆ ಸರ್ವರ್ ದುಡ್ಡು ತಿಂಗಳಾ ತಿಂಗಳಾ ನಮ್ಮ ಜೇಬಿಂದ ಹೋಗ್ತಾನೇ ಇತ್ತು, ಅದಕ್ಕೆ ಈಗ ನಾವೂ ತಿಂಗಳಿಗೆ 149 ರೂಪಾಯಿ ಅಂತ ಮಾಡ್ತಿದೀವಿ. 2013ರಲ್ಲಿ ಅಡೋಬಿಯವ್ರು ಫೋಟೋಶಾಪಿನ ಹೊಸ ಆವೃತ್ತಿ ಇನ್ಮೇಲೆ ಬರೀ ಸಬ್‌ಸ್ಕ್ರಿಪ್ಷನ್ ಮೇಲೇ ಅಂದಾಗ ಬೈದವರಲ್ಲಿ ನಾನೂ ಒಬ್ಬ, ಈಗ ನಾನೇ ಅದೇ ದಾರಿ ಹಿಡಿದಿದೀನಿ, ಇರಲಿ.

ಸಬ್‌ಸ್ಕ್ರಿಪ್ಷನ್ ಅಂತಲೇ ಕನ್ನಡದಲ್ಲಿ ಹಾಕಿ ನೋಡಿದ್ವಿ. ಕಡಿಮೆ ಬೆಲೆ ಫೋನಲ್ಲಿ ಬಟನ್ ಎತ್ತರ ಸಾಲದೆ ಒತ್ತಕ್ಷರ ಎಲ್ಲ ಕೆಳಗೆ ಕಟ್ಟಾಗಿ 'ಸಬ್‌ಸಿಪನ್' ಅಂತ ಕಾಣ್ತು. ಚಂದಾ ಅಂತ ಹಾಕಿದ್ವಿ. ಮೊದಲನೇ ಅಂಗಡಿಯವ್ರೇ, 'ಯಾವ ಗಣಪತಿಗೆ? ನಮ್ಮ ಓಣಿದಕ್ಕೆ ಆಗ್ಲೇ ಕೊಟ್ಟೀನಲ್ಲ' ಅಂದ್ರು. ಚಿಕ್ಕದಾಗಿರ್ಬೇಕು, ಒತ್ತು ಕಮ್ಮಿ ಇರ್ಬೇಕು, ಅಂಗಡಿಯವ್ರಿಗೆ ನಗು ಬರಬಾರ್ದು. ಶುಕ್ರವಾರ ರಿಲೀಸು.
- ದಾವಣಗೆರೆ

* * *

ಚಂದಾ. ಪತ್ರಿಕೆಗಳು ಚಂದಾದಾರ, ವಾರ್ಷಿಕ ಚಂದಾ ಅಂತ ದಶಕಗಳಿಂದ ಅಚ್ಚು ಹಾಕ್ತಾ ಬಂದಿವೆ. ಗಣಪತಿ ಪೆಂಡಾಲಿನವರಿಗೆ ಹೆದರಿ ಇರೋ ಪದ ಬಿಡೋದು ಹೇಡಿತನ. ಚರ್ಚೆ ಬೇಡ.
- ಸುದ್ದಿಮನೆಯಿಂದ ನಿವೃತ್ತ

* * *

ಚಂದಾ ಪಾರ್ಸಿಯದು, 'ಚಂದ್' ಅಂದ್ರೆ ಕೆಲವು, ಕೆಲವರ ಹತ್ರ ಎತ್ತಿದ ಹಣ. ನಮ್ಮಲ್ಲೇ 'ತೆರು' ಅನ್ನೋ ಬೇರು ಇರುವಾಗ ಎರವಲು ಯಾಕೆ? ತೆರಿಗೆ ಹುಟ್ಟಿದ್ದೂ ಅದರಿಂದಲೇ. 'ತಿಂಗಳ್ತೆರ' ಅನ್ನಿ. ಹೊಸ ಪದ ಮೊದಲು ಕಿವಿಗೆ ಒಗ್ಗಲ್ಲ, ಬಳಸ್ತಾ ಬಳಸ್ತಾ ಒಗ್ಗತ್ತೆ. ಇಂಟರ್ನೆಟ್ಟಿಗೆ ಮಿಂಬಲೆ, ಈಮೇಲಿಗೆ ಮಿಂಚೆ ಅಂದಾಗಲೂ ನಕ್ಕಿದ್ರಿ.
- ನುಡಿಯೊಲವಿಗ

* * *

ಈಗಲೂ ನಗ್ತಿದೀವಿ. 'ತೆರ' ಅಂದ್ರೆ ಮದುವೇಲಿ ಗಂಡಿನ ಕಡೆಯವ್ರು ಹೆಣ್ಣಿಗೆ ಅಂತ ಕೊಡ್ತಿದ್ದ ಹಣ. ಆಪಿಗೆ ತಿಂಗಳಾ ತಿಂಗಳಾ ತೆರ ಕೊಡ್ಬೇಕಾ?

ದಾವಣಗೆರೆಯವ್ರೇ, ನಮ್ಮ ಮೈಸೂರು ಕಡೆ ಹಾಲಿಗೆ 'ವರ್ತನೆ' ಅಂತಾರೆ. ದಿನಾ ಅರ್ಧ ಲೀಟರ್ ವರ್ತನೆ ಹಾಕ್ತಾರೆ, ತಿಂಗಳ ಕೊನೆಗೆ ಲೆಕ್ಕ. ನಮ್ಮಜ್ಜಿ ಅಡುಗೆಮನೆ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಗೀಟು ಹಾಕೋರು, ಊರಿಗೆ ಹೋದ ದಿನ ಸೊನ್ನೆ. ನೀವು ಮಾರ್ತಿರೋದು ಅದನ್ನೇ ಅಲ್ವಾ, ಕೊನೆಗೆ ಸೊನ್ನೆ ಹಾಕೋ ಅವಕಾಶ ಒಂದು ಬಿಟ್ಟು? ಇನ್ನೊಂದು ಮಾತು, ಇದು 'ವೃತ್' ಧಾತು, ಆವರ್ತನೆ, ವರ್ತುಲ ಎಲ್ಲ ಅದರಿಂದಲೇ, ಸುತ್ತಿ ಸುತ್ತಿ ಬರೋದು. ಬ್ಯಾಂಕಿನವ್ರು ರಿಕರಿಂಗ್ ಅನ್ನೋದು ಇದನ್ನೇ. ಇದಕ್ಕಿಂತ ಒಪ್ಪೋ ಪದ ಇನ್ನೊಂದಿಲ್ಲ, ನಾನು ಹಟಕ್ಕೆ ಹೇಳ್ತಿಲ್ಲ.
- ಮೈಸೂರಿಂದ

* * *

ಹಟಕ್ಕೇ ಹೇಳ್ತಿದೀರಿ. ಮೂರು ವರ್ಷದ ಹಿಂದೆ ಪೇಪರ್ ಏಜೆಂಟ್ ಚರ್ಚೇಲೂ ವರ್ತನೆಯನ್ನೇ ತಂದಿದ್ರಿ. ಈಗಿನ ಹುಡುಗರಿಗೆ ವರ್ತನೆ ಅಂದ್ರೆ ನಡತೆ. 'ನಿಮ್ಮ ವರ್ತನೆ ಈ ತಿಂಗಳಿಗೆ ಮುಗಿದಿದೆ' ಅಂತ ಮೆಸೇಜ್ ಹೋದ್ರೆ ಅಂಗಡಿಯವ್ರು ಹುಡುಕ್ಕೊಂಡು ಬರ್ತಾರೆ.
- ಸುದ್ದಿಮನೆಯಿಂದ ನಿವೃತ್ತ

* * *

ಬೆಳಗಾವಿ ಕಡೆ ನಮ್ಮನ್ಯಾಗ ಇದಕ್ಕ ರತೀಬ ಅಂತೀವ್ರಿ. ರತೀಬದ ಹಾಲು. ಮರಾಠಿಯೊಳಗಿಂದ ಬಂದದ್ದು, ಅದಕ್ಕೂ ಹಿಂದಕ ಹೋದ್ರ ಅರಬ್ಬಿ. ಅರಬ್ಬಿ ಅಂತ ಹಾಲೇನು ಒಡದಿಲ್ಲ. ಆ ನುಡಿಯೊಲವಿಗ ಅಣ್ಣಾವ್ರು ಅಂಗಡಿಗೆ ಹೋಗಿ ಬಾಕಿ, ಜಮಾ, ಖರ್ಚು, ರಸೀದಿ ಇಷ್ಟೂ ಅರಬ್ಬಿ-ಪಾರ್ಸಿ ಪದ ಬಿಟ್ಟು ಒಂದ್ ದಿನ ವ್ಯಾಪಾರ ಮಾಡಿ ತೋರಸ್ಲಿ, ಆಮ್ಯಾಲ ನಾನೂ ತೆರ ಕೊಡ್ತೀನಿ.
- ಬೆಳಗಾವಿ

* * *

ಬಾಕಿ, ಜಮಾ ಜನರ ಬಾಯಲ್ಲಿ ಇರೋದು, ಅವನ್ನ ಬಿಡಿ ಅಂತ ನಾನೆಲ್ಲೂ ಹೇಳಿಲ್ಲ. ಹೊಸದಾಗಿ ಕಟ್ಟುವಾಗ ನಮ್ಮ ಬೇರು ನೋಡಿ ಅಂದೆ, ಅಷ್ಟೇ. ನಿಮಗೆಲ್ಲ ಸಂಸ್ಕೃತದ್ದಾದ್ರೆ ಎರವಲು ಅನ್ನಿಸೋದೇ ಇಲ್ಲ, ವೃತ್ ಧಾತು ಅಂದ ಕೂಡಲೆ ಕೈ ಮುಗೀತೀರಿ.
- ನುಡಿಯೊಲವಿಗ

* * *

'ತಿಂಗಳ ಚಂದಾ'ನೂ ಆಗಬಹುದು. ಆದ್ರೆ ಸೇರಿಸಿ ಬರೀಬೇಡಿ, ಕನ್ನಡಕ್ಕೆ ಬೇರೆ ಭಾಷೆ ಪದ ಬೆಸೆದ ಅರಿಸಮಾಸ ಆಗತ್ತೆ.
- ಸುದ್ದಿಮನೆಯಿಂದ ನಿವೃತ್ತ

* * *

ಮಂಗಳಾರತಿ ತಗೊಳ್ಳೋವಾಗ ಅರಿಸಮಾಸ ನೆನಪಾಗಲ್ವಾ ಸರ್?
- ಮೈಸೂರಿಂದ

* * *

ಎಲ್ರಿಗೂ ಥ್ಯಾಂಕ್ಸ್, ಜಗಳ ಆಮೇಲೆ ಆಡಿ ದಯವಿಟ್ಟು. ನಿನ್ನೆ ಸಂಜೆ ಮೂರು ಪದ ಚೀಟೀಲಿ ಬರ್ಕೊಂಡು ಆರು ಅಂಗಡಿ ಸುತ್ತಿ ಬಂದೆ. ವರ್ತನೆ ಅಂದಿದ್ದಕ್ಕೆ, ಮೈಸೂರು ಮೇಡಂ, ಒಬ್ರು ವಯಸ್ಸಾದವ್ರ ಮುಖ ಅರಳ್ತು, ಹಾಸನ ಕಡೆಯವ್ರಂತೆ, ಉಳಿದ ಐದು ಜನ ನನ್ನ ಮುಖ ನೋಡಿದ್ರು. ತಿಂಗಳ್ತೆರ ಓದೋಕೇ ಕಷ್ಟ ಆಯ್ತು, ಮತ್ತೆ ಅಲ್ಲೂ ಒತ್ತು. ಮೂರನೇದು ನಾನೇ ಬರ್ಕೊಂಡಿದ್ದು, 'ಬಾಡಿಗೆ'. ಅದು ಆರೂ ಜನಕ್ಕೆ ತಕ್ಷಣ ಹೊಳೀತು. ಅಂಗಡಿಗೆ ಬಾಡಿಗೆ ಕಟ್ತಾರೆ, ಶಾಮಿಯಾನಕ್ಕೆ ಕಟ್ತಾರೆ, ಇದಕ್ಕೂ ಹಾಗೇ. ಒಂದೂ ಒತ್ತಿಲ್ಲ, ಮೂರೇ ಅಕ್ಷರ.

ಇನ್ನೊಂದು ತಿಳೀತು. ಕ್ಯಾನ್ಸಲ್‌ಗೆ ನಾವು 'ರದ್ದುಗೊಳಿಸಿ' ಅಂತ ಹಾಕಿದ್ವಿ. ಒಬ್ರು ಅಂಗಡಿ ಅಮ್ಮ ಅದನ್ನ ಒತ್ತೋಕೆ ಹೆದರಿದ್ರು, ಬರ್ದಿಟ್ಟ ಉದ್ರಿ ಲೆಕ್ಕ ಎಲ್ಲ ಅಳಿಸಿ ಹೋಗತ್ತೇನೋ ಅಂತ. ಹಾಲಿನವನಿಗೆ ನಾಳೆಯಿಂದ ನಿಲ್ಸಪ್ಪ ಅಂತೀವಲ್ಲ, ಅದನ್ನೇ ಹಾಕ್ತಿದೀನಿ, 'ಬಾಡಿಗೆ ನಿಲ್ಲಿಸಿ'. ಯುಪಿಐ ಆಟೋಪೇಲಿ ದುಡ್ಡು ಹೋಗೋ 24 ಗಂಟೆ ಮುಂಚೆ ಮೆಸೇಜ್ ಹೋಗ್ಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ, ನಮ್ಮ ಕಡೆಯಿಂದಲೂ ಒಂದು ಕಳಿಸ್ತೀವಿ: 'ನಾಳೆ ಬಾಡಿಗೆ 149 ಕಟ್ ಆಗತ್ತೆ. ಬೇಡ ಅಂದ್ರೆ ಇವತ್ತೇ ನಿಲ್ಲಿಸಿ.' ನಮ್ಮ ಪಾರ್ಟ್‌ನರ್‌ಗೆ ಎರಡನೇ ವಾಕ್ಯ ಇಷ್ಟ ಇಲ್ಲ. ನಿಲ್ಲಿಸೋ ಬಟನ್ ಎಲ್ಲೋ ಮೂಲೇಲಿ ಬಚ್ಚಿಡೋದೇ ಈಗಿನ ಟ್ರೆಂಡಂತೆ, ದೊಡ್ಡ ದೊಡ್ಡ ಕಂಪನಿಯವ್ರೇ ಹಾಗೆ ಮಾಡ್ತಾರಂತೆ. ನಾನು ಬಿಟ್ಟಿಲ್ಲ.
- ದಾವಣಗೆರೆ

* * *

ಬಾಡಿಗೆ ತಪ್ಪು. ಬಾಡಿಗೆ ವಸ್ತುವಿಗೆ, ಸೇವೆಗಲ್ಲ.
- ಸುದ್ದಿಮನೆಯಿಂದ ನಿವೃತ್ತ

* * *

ಬಾಡಿಗೆ ಆಟೋದಾಗ ಯಾವತ್ತೂ ಕೂತಿಲ್ಲೇನ್ರಿ ಸರ?
- ಬೆಳಗಾವಿ

* * *

ರಿಲೀಸ್ ಆಯ್ತು. ಇಲ್ಲಿವರೆಗೂ ಬಂದಿರೋ ದೂರು ಒಂದೇ. ಬೆಂಗಳೂರಿಂದ ಒಬ್ರು ಫೋನ್ ಮಾಡಿದ್ರು, ಬಾಡಿಗೆ 149 ಸರಿ, ಅಡ್ವಾನ್ಸ್ ಎಷ್ಟು, ಬಿಡೋವಾಗ ವಾಪಸ್ ಕೊಡ್ತೀರಾ ಅಂತ.

ಅಂದ ಹಾಗೆ, ಫ್ರೀ ಟ್ರಯಲ್‌ಗೆ ಏನನ್ನೋದು? 'ಉಚಿತ ಪ್ರಯೋಗ' ಅಂದ್ರೆ ಯಾರೋ ಲ್ಯಾಬಲ್ಲಿ ಇಲಿ ಮೇಲೆ ಮಾಡೋ ಹಾಗಿದೆ.
- ದಾವಣಗೆರೆ

* * *

ಬೇರೆ ಸಬ್ಜೆಕ್ಟ್ ಹಾಕಿ ಬೇರೆ ಮೇಲ್ ಕಳಿಸಿ.
- ಸುದ್ದಿಮನೆಯಿಂದ ನಿವೃತ್ತ