ಪಿಡಬ್ಲ್ಯೂಡಿ (pwd) ತೋರಿಸುವ ಪಾತ್ ಅನ್ನು ಎಷ್ಟು ನಂಬಬಹುದು? (ಲಿನಕ್ಸ್ ಪ್ರಶ್ನೋತ್ತರ)

ಡಿಪ್ಲೊಮಾ ವಿದ್ಯಾರ್ಥಿನಿ: ಸರ್, ಪಿಡಬ್ಲ್ಯೂಡಿ ಕಮಾಂಡ್ ಏನು ಮಾಡುತ್ತದೆ? ವಿಂಡೋಸ್‌ನಲ್ಲಿಯೂ ಇದೆಯೇ?

ಸಿಸ್ಟಂ ಅಡ್ಮಿನ್: ನೀವು ಈಗ ಇರುವ ಡೈರೆಕ್ಟರಿಯ (ಫೋಲ್ಡರಿನ) ಪೂರ್ಣ ಪಾತ್, ಅಂದರೆ ವಿಳಾಸ ತೋರಿಸುತ್ತದೆ. ಪವರ್‌ಶೆಲ್‌ನಲ್ಲಿ ಇದೇ ಹೆಸರು ನಡೆಯುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಬರೀ ಸಿಡಿ (cd) ಎಂದು ಕೊಡಿ.

ವೆಬ್‌ಸೈಟ್ ನೋಡಿಕೊಳ್ಳುವವರು: ಸರ್, ನಾನು ಸರ್ವರ್‌ನಲ್ಲಿ ಸೈಟಿನ ಫೋಲ್ಡರಿನೊಳಗೆ ಇದ್ದಾಗಲೇ ಸಹೋದ್ಯೋಗಿಯೊಬ್ಬರು ಅದನ್ನು ಅಳಿಸಿ, ಅದೇ ಹೆಸರಿನಲ್ಲಿ ಹೊಸ ಫೋಲ್ಡರ್ ಮಾಡಿ ಫೈಲುಗಳನ್ನು ಹಾಕಿದ್ದಾರೆ. ಪಿಡಬ್ಲ್ಯೂಡಿ ಸರಿಯಾದ ಪಾತ್ ಅನ್ನೇ ತೋರಿಸುತ್ತಿದೆ, ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್ (ls) ಕೊಟ್ಟರೆ ಮಾತ್ರ ಒಂದು ಫೈಲೂ ಕಾಣುತ್ತಿಲ್ಲ.

ಸಿಸ್ಟಂ ಅಡ್ಮಿನ್: ಗಾಬರಿಯಾಗಬೇಡಿ, ಆದರೆ ಆ ಟರ್ಮಿನಲ್‌ನಿಂದ ಸದ್ಯಕ್ಕೆ ಬೇರೇನನ್ನೂ ಮಾಡಬೇಡಿ. ಕರ್ನಲ್ (ಲಿನಕ್ಸ್‌ನ ತಿರುಳು) ನಿಮ್ಮ ಶೆಲ್ಲಿನ (ಕಮಾಂಡ್‌ಗಳನ್ನು ನಡೆಸುವ ಪ್ರೋಗ್ರಾಂನ) ಜಾಗವನ್ನು ಹೆಸರಿನಿಂದ ಗುರುತಿಸುವುದಿಲ್ಲ, ಐನೋಡ್‌ನಿಂದ (ಡಿಸ್ಕ್‌ನಲ್ಲಿ ಆ ಫೋಲ್ಡರಿಗಿರುವ ದಾಖಲೆಯಿಂದ) ಗುರುತಿಸುತ್ತದೆ; ಹೆಸರು ಈಗ ಹೊಸ ಫೋಲ್ಡರಿನದಾಗಿದ್ದರೂ ನೀವು ನಿಂತಿರುವುದು ಅಳಿಸಿಹೋದ ಹಳೆಯದರಲ್ಲಿಯೇ. ಬ್ಯಾಶ್ ಎಂಬ ಶೆಲ್ಲಿನೊಳಗಿನ ಪಿಡಬ್ಲ್ಯೂಡಿ ತಾನು ನೆನಪಿಟ್ಟುಕೊಂಡ ಪಾತ್ ಅನ್ನು ಒಪ್ಪಿಸುತ್ತದೆ, ಹೋಗಿ ನೋಡಿ ಬರುವುದಿಲ್ಲ. ಖಚಿತಪಡಿಸಿಕೊಳ್ಳಲು /ಬಿನ್/ಪಿಡಬ್ಲ್ಯೂಡಿ (/bin/pwd) ಎಂದು ಪೂರ್ತಿ ಬರೆಯಿರಿ: ಅದು ಪ್ರತ್ಯೇಕ ಪ್ರೋಗ್ರಾಂ, ಕರ್ನಲ್ಲನ್ನೇ ಕೇಳುತ್ತದೆ, ನಿಮ್ಮಲ್ಲಿ ಅದು ಎರರ್ ಕೊಡಬೇಕು. ಆಮೇಲೆ ಫೋಲ್ಡರ್ ಬದಲಿಸುವ ಸಿಡಿಗೆ ಅದೇ ಪೂರ್ಣ ಪಾತ್ ಕೊಟ್ಟು ಮತ್ತೆ ಒಳಗೆ ಹೋಗಿ. ಹಳೆಯ ಫೋಲ್ಡರಿನೊಳಗಿಂದ ಶುರು ಮಾಡಿದ ಪ್ರೋಗ್ರಾಂ ಇನ್ನೂ ನಡೆಯುತ್ತಿದ್ದರೆ ಅದನ್ನೂ ಮರುಪ್ರಾರಂಭಿಸಲೇಬೇಕು.

ಸದಸ್ಯ 1: ವಾಟ್ಸ್‌ಆಪ್‌ನಲ್ಲಿ ಬಂದ ಸಲಹೆ: ಹೀಗಾದಾಗ ಸುಡೊ (ಅಡ್ಮಿನ್ ಅಧಿಕಾರ) ಹಾಕಿ ಇಡೀ ಹೋಂ ಡೈರೆಕ್ಟರಿಗೆ ಸಿಎಚ್‌ಮಾಡ್ 777 (ಎಲ್ಲರಿಗೂ ಪೂರ್ಣ ಪರ್ಮಿಶನ್) ಕೊಟ್ಟರೆ ಸರಿಹೋಗುತ್ತದೆಯಂತೆ.

ಸಿಸ್ಟಂ ಅಡ್ಮಿನ್: ಯಾರೂ ಇದನ್ನು ಮಾಡಬೇಡಿ. ಇದು ಪರ್ಮಿಶನ್ ತೊಂದರೆಯೇ ಅಲ್ಲ. ಹೋಂ ಡೈರೆಕ್ಟರಿಯನ್ನು ಹಾಗೆ ಎಲ್ಲರಿಗೂ ತೆರೆದರೆ ದೂರದಿಂದ ಲಾಗಿನ್ ಮಾಡಿಸುವ ಎಸ್‌ಎಸ್‌ಎಚ್ ಸಾಮಾನ್ಯವಾಗಿ ನಿಮ್ಮ ಲಾಗಿನ್ ಕೀಯನ್ನು ಒಪ್ಪುವುದಿಲ್ಲ. ದೂರದ ಸರ್ವರ್ ಆದರೆ ನೀವೇ ಹೊರಗೆ ಉಳಿಯುತ್ತೀರಿ. ಇಂಥವನ್ನು ಇಲ್ಲಿಗೆ ಫಾರ್ವರ್ಡ್ ಮಾಡಬೇಡಿ ಎಂದು ಎಷ್ಟು ಸಲ ಹೇಳಬೇಕು?

ಮ್ಯಾಕ್ ಬಳಕೆದಾರ: ಪಾತ್ ಅನ್ನು ನೇರವಾಗಿ ಕ್ಲಿಪ್‌ಬೋರ್ಡಿಗೆ ಕಾಪಿ ಮಾಡುವುದು ಹೇಗೆ?

ಸದಸ್ಯ 2: ಪ್ರಾಂಪ್ಟ್‌ನಲ್ಲೇ (ಕಮಾಂಡ್ ಬರೆಯುವ ಸಾಲಿನಲ್ಲೇ) ಪಾತ್ ಕಾಣುವಾಗ ಪಿಡಬ್ಲ್ಯೂಡಿ ಏಕೆ ಬೇಕು?

ಸದಸ್ಯ 3: ಸ್ಕ್ರಿಪ್ಟಿಗೆ ಪ್ರಾಂಪ್ಟ್ ಎಲ್ಲಿರುತ್ತದೆ? ನಿಗದಿತ ಸಮಯಕ್ಕೆ ಕೆಲಸ ನಡೆಸುವ ಕ್ರಾನ್ ನಿಮ್ಮ ಸ್ಕ್ರಿಪ್ಟನ್ನು ಹೋಂ ಡೈರೆಕ್ಟರಿಯಿಂದ ಓಡಿಸುತ್ತದೆ, ನೀವು ಅಂದುಕೊಂಡ ಫೋಲ್ಡರಿನಿಂದಲ್ಲ.

ಸದಸ್ಯ 2: ಹತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ, ನನಗೆ ಬೇಕಾಗಿಲ್ಲ.

ಸದಸ್ಯ 3: ನಿಮಗೆ ಬೇಡವಾದರೆ ಸುಮ್ಮನಿರಿ, ಕಲಿಯುವವರ ದಾರಿ ತಪ್ಪಿಸಬೇಡಿ.

ಸದಸ್ಯ 4: ವಿಂಡೋಸ್‌ನಲ್ಲಿ ಇದಕ್ಕೆ ಏನಿದೆ ಸರ್?

ಸಿಸ್ಟಂ ಅಡ್ಮಿನ್: ಮೇಲೆ ಓದಿ.

ವೆಬ್‌ಸೈಟ್ ನೋಡಿಕೊಳ್ಳುವವರು: ಸರ್, ನೀವು ಹೇಳಿದಂತೆ ಎರರ್ ಬಂತು. ಸಿಡಿ ಕೊಟ್ಟ ಮೇಲೆ ಫೈಲುಗಳೆಲ್ಲ ಕಾಣುತ್ತಿವೆ, ಆದರೆ ಸೈಟು ಇನ್ನೂ ತೆರೆಯುತ್ತಿಲ್ಲ.

ಸಿಸ್ಟಂ ಅಡ್ಮಿನ್: ಪ್ರೋಗ್ರಾಂ ಮರುಪ್ರಾರಂಭಿಸಿದಿರಾ?