ಬ್ಯಾಟರಿ ಶೆಡ್ ಇದ್ದ ಜಾಗದಲ್ಲಿ ಬೆಳೆದ ಸೊಪ್ಪು ತಿನ್ನಬಹುದಾ?

ಕೇಳಿದವರು: ಊರಂಚಿನಲ್ಲಿ 30×40 ಸೈಟ್ ತಗೊಂಡೆವು. ಮನೆ ಕಟ್ಟೋಕೆ ಇನ್ನೂ ಟೈಮ್ ಇದೆಯಲ್ಲ ಅಂತ ಅಮ್ಮ ಅಲ್ಲಿ ದಂಟು, ಪಾಲಕ್, ಮೂಲಂಗಿ ಹಾಕಿದ್ದಾರೆ. ಸೊಂಪಾಗಿ ಬಂದಿದೆ. ಮೊನ್ನೆ ಪಕ್ಕದವರು ಅಲ್ಲಿ ಮೊದಲು ಹಳೇ ಬ್ಯಾಟರಿ ಒಡೆಯುವ ಶೆಡ್ ಇತ್ತು ಅಂದರು. ಬ್ಯಾಟರಿಯೊಳಗೆ ಸೀಸ ಇರುತ್ತಲ್ಲ, ಅದೇ ಭಯ. ಸೂರ್ಯಕಾಂತಿ ಹಾಕಿದರೆ ಸೀಸವನ್ನೆಲ್ಲ ಎಳೆದುಕೊಳ್ಳುತ್ತೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಮಾಡಿ ನೋಡಿದವರು ಇದ್ದೀರಾ?

ಗ್ಯಾರೇಜ್ ಇದ್ದ ಜಾಗದಲ್ಲಿ ತೋಟ ಮಾಡಿದವರು: ಮೊದಲು ಆ ಸೊಪ್ಪು ಅಡುಗೆಮನೆಗೆ ಬರೋದು ನಿಲ್ಲಲಿ. ನಾನು ಮಣ್ಣು ಆರೋಗ್ಯ ಕಾರ್ಡ್ ಮಾಡಿಸಿ, ಎಲ್ಲಾ ಸರಿ ಇದೆ ಅಂತ ಒಂದು ವರ್ಷ ನೆಮ್ಮದಿಯಾಗಿದ್ದೆ. ಆ ಕಾರ್ಡಿನ 12 ಅಂಶಗಳಲ್ಲಿ ಸತು, ತಾಮ್ರ, ಕಬ್ಬಿಣ ಇವೆ. ಸೀಸ, ಕ್ಯಾಡ್ಮಿಯಂನಂಥ ವಿಷದ ಲೋಹ ಇಲ್ವೇ ಇಲ್ಲ! ಲ್ಯಾಬಿನವರಿಗೆ ಇವುಗಳ ಹೆಸರು ಹೇಳಿಯೇ ಕೇಳಬೇಕು, ಆರ್ಸೆನಿಕ್ ಕೂಡ ಸೇರಿಸಿ. ನಾಲ್ಕು ಮೂಲೆಯ ಮಣ್ಣು ಒಟ್ಟಿಗೆ ಬೆರೆಸಿ ಕೊಡಬೇಡಿ. ಆಸಿಡ್ ಚೆಲ್ಲಿದ ಮೂಲೆ ಒಂದು ಥರ ಇರುತ್ತೆ, ಗೇಟಿನ ಹತ್ತಿರ ಇನ್ನೊಂದು ಥರ.

ಗಿಡಗಳ ಲ್ಯಾಬಿನಲ್ಲಿ ಕೆಲಸ ಮಾಡಿದವರು: ಸೊಂಪಾಗಿ ಬಂದಿದೆ ಅಂದ ಮಾತ್ರಕ್ಕೆ ಧೈರ್ಯ ತಗೋಬೇಡಿ. ಗಿಡ ವಿಷವನ್ನು ಹೊರಗೆ ಹಾಕಲ್ಲ, ಒಳಗೇ ಬಚ್ಚಿಡುತ್ತೆ. ಕ್ಯಾಡ್ಮಿಯಂ ಒಳಗೆ ಬಂದರೆ ಫೈಟೋಕೆಲಾಟಿನ್ ಅನ್ನೋ ಗಂಧಕ ಇರುವ ಸಣ್ಣ ಪೆಪ್ಟೈಡ್ (ಪ್ರೋಟೀನಿನ ಥರದ ಚಿಕ್ಕ ಸರಪಳಿ) ತಯಾರಿಸಿ ಅದನ್ನು ಕಟ್ಟಿಹಾಕುತ್ತೆ. ಆ ಗಂಟನ್ನು ಜೀವಕೋಶದೊಳಗಿನ ವ್ಯಾಕ್ಯೂಲ್ ಅನ್ನೋ ಚೀಲಕ್ಕೆ ತಳ್ಳುತ್ತೆ. ನಮ್ಮ ಮನೆಯ ಅಟ್ಟ ಇದ್ದ ಹಾಗೆ, ಬೇಡದ್ದೆಲ್ಲ ಅಲ್ಲಿಗೆ. ಎಲೆ ಹಸಿರಾಗಿಯೇ ಇರುತ್ತೆ, ತಿಂದವರ ಹೊಟ್ಟೆಗೆ ಮಾತ್ರ ಅಟ್ಟದ ಸಾಮಾನೂ ಹೋಗುತ್ತೆ.

ಎಲ್ಲಾ ಲೋಹವೂ ಒಂದೇ ಥರ ಅಲ್ಲ. ಕ್ಯಾಡ್ಮಿಯಂಗೆ ಬೇರಿನಲ್ಲಿ ಸ್ವಂತ ಬಾಗಿಲಿಲ್ಲ. ಸತು, ಕಬ್ಬಿಣ, ಮ್ಯಾಂಗನೀಸ್ ಬರುವ ಬಾಗಿಲಲ್ಲೇ ನುಸುಳಿ, ನೀರಿನ ಜೊತೆ ಎಲೆಗೆ ಏರುತ್ತೆ. ಪಾಲಕ್, ದಂಟಿನಲ್ಲಿ ಜಾಸ್ತಿ ಸಿಗೋದು ಅದಕ್ಕೇ. ಸೀಸ ಹಾಗಲ್ಲ, ಬಹುಪಾಲು ಮಣ್ಣಿಗೆ ಮತ್ತು ಬೇರಿನ ಗೋಡೆಗೆ ಅಂಟಿಕೊಂಡೇ ಉಳಿಯುತ್ತೆ. ಹಾಗಾಗಿ ಮೂಲಂಗಿ ಬೇಡವೇ ಬೇಡ. ಸೊಪ್ಪಿನಲ್ಲಿ ಸೀಸ ಇದ್ದರೆ ಅದರಲ್ಲಿ ದೊಡ್ಡ ಪಾಲು ಮಳೆಗೆ ಸಿಡಿದ ಮಣ್ಣು, ಗಾಳಿಯ ಧೂಳು. ಒಂದು ಕಟ್ಟು ಪಾಲಕ್ ಬಿಳಿ ಬೋಗುಣಿಯಲ್ಲಿ ತೊಳೆದು ನೋಡಿ. ಮೂರನೇ ನೀರಿನಲ್ಲೂ ತಳದಲ್ಲಿ ನಯವಾದ ಕಪ್ಪು ಮಣ್ಣು ಕೂತಿರುತ್ತೆ. ತೊಳೆದರೆ ಅದು ಹೋಗುತ್ತೆ, ಒಳಗಿನ ಕ್ಯಾಡ್ಮಿಯಂ ಹೋಗಲ್ಲ. ಟೊಮೆಟೊ, ಬೀನ್ಸ್‌ನಂಥ ಕಾಯಿಗಳಿಗೆ ಎರಡೂ ಕಡಿಮೆ ತಲುಪುತ್ತವೆ.

ಆಸಿಡ್ ಬಿದ್ದ ಮಣ್ಣು ಹುಳಿಯಾಗಿರುತ್ತೆ, ಹುಳಿ ಮಣ್ಣಿನಲ್ಲಿ ಈ ಲೋಹಗಳು ಜಾಸ್ತಿ ಕರಗುತ್ತವೆ. ಪಿಎಚ್ ನೋಡಿಕೊಂಡು ಸುಣ್ಣ ಹಾಕಿದರೆ, ಚೆನ್ನಾಗಿ ಕಳಿತ ಗೊಬ್ಬರ ಕೊಟ್ಟರೆ ಗಿಡಕ್ಕೆ ಸಿಗೋದು ಕಡಿಮೆಯಾಗುತ್ತೆ. ಆದರೆ ಲೋಹ ಮಣ್ಣಿನಲ್ಲೇ ಇರುತ್ತೆ, ನೆನಪಿರಲಿ. ಇದನ್ನೆಲ್ಲ ಸದರ ಮಾಡಬೇಡಿ. ಜಪಾನಿನ ಜಿಂಜೂ ನದಿ ಬಯಲಿನಲ್ಲಿ ಗಣಿಯ ಕ್ಯಾಡ್ಮಿಯಂ ಗದ್ದೆಗೆ ಇಳಿದು, ಅಕ್ಕಿಯಲ್ಲಿ ಸೇರಿ, ತಿಂದವರ ಮೂತ್ರಪಿಂಡ, ಮೂಳೆ ಹಾಳಾದವು. ಇಟಾಯ್-ಇಟಾಯ್ ಅಂತ ಆ ಕಾಯಿಲೆಗೆ ಹೆಸರು, ಅಂದರೆ ‘ನೋವು ನೋವು’.

ಸಾಸಿವೆ, ಸೂರ್ಯಕಾಂತಿ ಹಾಕಿ ಕೈಸುಟ್ಟುಕೊಂಡವರು: ಸುಮ್ನೆ ಲೆಕ್ಕ ಹಾಕಿ. ನಿಮ್ಮ ಸೈಟಿನ ಮೇಲಿನ ಅರ್ಧ ಅಡಿ ಮಣ್ಣೇ ಸುಮಾರು 20 ಟನ್. ಕಿಲೋಗೆ 500 ಮಿಲಿಗ್ರಾಂ ಸೀಸ ಇದೆ ಅಂದುಕೊಂಡರೆ ಒಟ್ಟು 10 ಕಿಲೋ ಆಯಿತು. ಒಂದು ಬೆಳೆಗೆ 100 ಕಿಲೋ ಒಣ ಗಿಡ ಬಂದು, ಕಿಲೋಗೆ 100 ಮಿಲಿಗ್ರಾಂ ಎಳೆದರೂ ಸಿಗೋದು 10 ಗ್ರಾಂ. ಸಾವಿರ ಬೆಳೆ ಬೇಕು! ಇಡಿಟಿಎ ಅನ್ನೋ, ಲೋಹವನ್ನು ಕರಗಿಸುವ ರಾಸಾಯನಿಕ ಹಾಕಿದರೆ ಗಿಡ ಜಾಸ್ತಿ ಎಳೆಯುತ್ತೆ ಅಂತಾರೆ, ನಿಜ. ಆದರೆ ಕರಗಿದ ಸೀಸ ಕೆಳಗಿನ ನೀರಿಗೂ ಇಳಿಯಬಹುದು. ಪಕ್ಕದಲ್ಲಿ ಬೋರ್‌ವೆಲ್ ಇದ್ದರೆ ಆ ಕಡೆ ತಲೆ ಹಾಕಬೇಡಿ. ಜಪಾನಿನ ಫುಕುಶಿಮಾದಲ್ಲೂ 2011ರಲ್ಲಿ ಅಣುಸ್ಥಾವರ ದುರಂತ ಆದಮೇಲೆ ಮಣ್ಣಿಗೆ ಬಿದ್ದ ವಿಕಿರಣದ ಸೀಸಿಯಂ ಎಳೆಯಲಿ ಅಂತ ಸೂರ್ಯಕಾಂತಿ ಹಾಕಿ ನೋಡಿದರು, ಹೆಚ್ಚೇನೂ ಆಗಲಿಲ್ಲ.

ನಮ್ಮಲ್ಲಿ ಇನ್ನೊಂದು ತಮಾಷೆ ಆಯಿತು. ಕಿತ್ತ ಗಿಡ ಎಲ್ಲಿ ಹಾಕೋದು ಅಂತ ಯೋಚಿಸುವಷ್ಟರಲ್ಲಿ ಪಕ್ಕದ ಮನೆಯ ಮೇಕೆ ಅರ್ಧ ಮುಗಿಸಿತ್ತು.

ಜರೀಗಿಡ ಪ್ರಿಯರು: ಗಿಡ ಏನೂ ಮಾಡಲ್ಲ ಅಂತಲ್ಲ. ಹಳೇ ಗೋಡೆ ಸಂದಿಯಲ್ಲಿ ಬೆಳೆಯುವ ಟೆರಿಸ್ ವಿಟ್ಟಾಟಾ ಜರೀಗಿಡ ಆರ್ಸೆನಿಕ್ಕನ್ನು ರಾಶಿ ರಾಶಿ ಎಲೆಗೆ ತುಂಬಿಕೊಳ್ಳುತ್ತೆ ಅಂತ 2001ರಲ್ಲಿ ಫ್ಲಾರಿಡಾದವರು ತೋರಿಸಿದರು. ನ್ಯೂ ಕ್ಯಾಲೆಡೋನಿಯಾದ ಒಂದು ಮರದ ಹಾಲು ನಿಕ್ಕಲ್‌ನಿಂದ ನೀಲಿ-ಹಸಿರು! ಆದರೆ ನಿಮ್ಮ ತೊಂದರೆ ಸೀಸ. ಅದಕ್ಕೆ ಇಂಥ ಗಿಡ ಸಿಕ್ಕಿ ಸೈಟ್ ಚೊಕ್ಕಟವಾಗುತ್ತೆ ಅಂತ ಕಾಯಬೇಡಿ.

ಗ್ಯಾರೇಜ್ ಇದ್ದ ಜಾಗದಲ್ಲಿ ತೋಟ ಮಾಡಿದವರು: ಮಕ್ಕಳನ್ನು ಅಲ್ಲಿ ಮಣ್ಣಾಡಲು ಬಿಡಬೇಡಿ. ಸೊಪ್ಪಿಗಿಂತ ಧೂಳೇ ದೊಡ್ಡ ದಾರಿ. ಈಗಾಗಲೇ ಆಡಿದ್ದರೆ ಡಾಕ್ಟರಿಗೆ ಹೇಳಿ ರಕ್ತದಲ್ಲಿ ಸೀಸ ಪರೀಕ್ಷೆ ಮಾಡಿಸಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಸೂರ್ಯಕಾಂತಿ ಬೀಜದ ಪ್ಯಾಕೆಟ್ ಪಕ್ಕಕ್ಕಿಟ್ಟೆ. ಐದು ಕಡೆಯ ಮಣ್ಣು ಬೇರೆ ಬೇರೆ ಕವರಿಗೆ ಹಾಕಿದ್ದೇನೆ, ನಾಳೆ ಲ್ಯಾಬಿಗೆ ಹೋಗುತ್ತೆ. ಅಮ್ಮನಿಗೆ ಹೇಳಿದಾಗ, “ಇಷ್ಟು ಚೆನ್ನಾಗಿದೆಯಲ್ಲೋ, ಹುಳ ಕೂಡ ಮುಟ್ಟಿಲ್ಲ” ಅಂದರು. ಆಮೇಲೆ ಅವರೇ ಕಿತ್ತು ತಿಪ್ಪೆಗೆ ಹಾಕೋಕೆ ಹೊರಟಿದ್ದರು, ತಡೆದೆ. ಸದ್ಯಕ್ಕೆ ಎಲ್ಲಾ ಒಂದು ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದೇನೆ. ಆ ಚೀಲ ಏನು ಮಾಡಲಿ, ಅದನ್ನೂ ಯಾರಾದರೂ ಹೇಳಿ.