ಪೋಕಿ ದುಡ್ಡು ನಿಂತರೆ ಕ್ಲಬ್ಬಿನ ಗತಿ ಏನು?

ಲೆಕ್ಕದ ಪುಸ್ತಕ: ನ್ಯೂಜಿಲೆಂಡ್‌ನಲ್ಲಿ ಒಂದು ಚಿಕ್ಕ ಕ್ರಿಕೆಟ್ ಕ್ಲಬ್ಬಿನ ಲೆಕ್ಕ ನೋಡಿಕೊಳ್ಳುತ್ತೇನೆ. ಮಕ್ಕಳ ಪ್ಯಾಡು, ಬಾಲು, ನೆಟ್ಸ್ ಬಾಡಿಗೆ ಎಲ್ಲಾ ಬರುವುದು ಪಬ್‌ಗಳ ಪೋಕಿ ಮಶೀನಿನ, ಅಂದರೆ ದುಡ್ಡು ಹಾಕಿ ಆಡುವ ಜೂಜಿನ ಯಂತ್ರದ, ದುಡ್ಡಿನಿಂದ. ಯಾರೋ ಸೋತ ದುಡ್ಡು ಅದು. ಹೇಳೋಕೆ ಮುಜುಗರ, ಆದರೂ ಪ್ರತಿ ವರ್ಷ ಅರ್ಜಿ ಹಾಕುತ್ತೇನೆ! ಈಗ ಆನ್‌ಲೈನ್ ಕ್ಯಾಸಿನೊಗಳಿಗೆ ಲೈಸೆನ್ಸ್ ಕೊಟ್ಟರೆ ಜನ ಪಬ್ ಬಿಟ್ಟು ಫೋನಿನಲ್ಲೇ ಆಡುವುದಿಲ್ವಾ? ಆಗ ನಾವೇನು ಮಾಡಬೇಕು?

ಮಳೆಗಾಲ: ಭಯ ಸುಮ್ನೆ ಅಲ್ಲ ಸರ್. ಪಬ್ ಮಶೀನಿನ ಆದಾಯದಲ್ಲಿ ಕನಿಷ್ಠ ಶೇ 40 ಸಮುದಾಯಕ್ಕೆ ಹೋಗಲೇಬೇಕು. ಆನ್‌ಲೈನ್ ಮಸೂದೆಯ ಮೊದಲ ಕರಡಿನಲ್ಲಿ ಅಂಥ ಪಾಲೇ ಇರಲಿಲ್ಲ. ಕ್ಲಬ್‌ಗಳು ಗಲಾಟೆ ಮಾಡಿದ ಮೇಲೆ, 2025ರ ನವೆಂಬರ್‌ನಲ್ಲಿ ಸರ್ಕಾರ ಆನ್‌ಲೈನ್ ಕ್ಯಾಸಿನೊಗಳ ಮೇಲಿನ ಸುಂಕವನ್ನು ಶೇ 12ರಿಂದ 16ಕ್ಕೆ ಏರಿಸಿ, ಆ ಹೆಚ್ಚುವರಿ 4 ಸಮುದಾಯಕ್ಕೇ ಎಂದು ಹೇಳಿತು. 40 ಎಲ್ಲಿ, 4 ಎಲ್ಲಿ!

ಹಳೇ ಅಂಪೈರ್: ಆದರೆ ಜನ ಈಗಲೂ ವಿದೇಶಿ ಸೈಟುಗಳಲ್ಲಿ ಆಡುತ್ತಿದ್ದಾರೆ, ಅಲ್ವಾ? ಅದರಿಂದ ಕ್ಲಬ್‌ಗೆ ಸೊನ್ನೆ. ಆನ್‌ಲೈನ್ ಲೈಸೆನ್ಸ್ ಕೊಡುವುದೂ 15ಕ್ಕಿಂತ ಜಾಸ್ತಿ ಇಲ್ಲ. ನನಗೆ ಬೇಜಾರು ಬೇರೆ: ಮಕ್ಕಳ ಆಟ ನಡೆಯಬೇಕಾದರೆ ದೊಡ್ಡವರು ಸೋಲಬೇಕು.

ಲೆಕ್ಕದ ಪುಸ್ತಕ: ಅಂಪೈರ್ ಸರ್, ಅದೇ ನನಗೂ ಚುಚ್ಚುವುದು. ಈ ಸಲ ಸದಸ್ಯತ್ವದ ಶುಲ್ಕ ಸ್ವಲ್ಪ ಏರಿಸೋಣ ಅಂತ ಸಮಿತಿಯಲ್ಲಿ ಕೇಳುತ್ತೇನೆ. ಬೈತಾರೆ, ಗೊತ್ತು.